ಕಾಲಿಗೆ ನೀರು

ಬಾಗಿಲ ಮಗ್ಗುಲಲ್ಲಿ ಅಗಲ ತಟ್ಟೆಯಂಥ ಪರಾತ ಇಟ್ಟುಕೊಂಡು, ಪಕ್ಕದಲ್ಲಿ ಕೊಡ ನೀರು ತುಂಬಿಕೊಂಡು ಭರಮಮ್ಮ ಕುಕ್ಕರಗಾಲಲ್ಲಿ ಕೂತಿದ್ದಳು. ಒಳಗೆ ತಗಡಿನ ಸಭಾಮನೆಯಲ್ಲಿ ಹಾಡು ನಿಂತಿತ್ತು. ಹುಲುಗೇಶ ಸಾಕ್ಷಿ ಹೇಳಲು ಎದ್ದಿದ್ದ. ಹೊಳೆಯ ಬಾಯಿಂದ ತನ್ನನ್ನು ಬಿಡಿಸಿದ ಕರ್ತ ಯೇಸುವಿಗೆ ಇವತ್ತು ಅವನ ಸ್ತೋತ್ರದ ಊಟ. ಅಂಗಳದ ಒಲೆಯ ಮೇಲೆ ಕುರಿಯ ಬಾಡು ಕುದಿಯುತ್ತಿತ್ತು.

ಸ್ತೋತ್ರದ ಊಟಕ್ಕೆ ಕೂಡುವ ಮುಂಚೆ ಬಂದವರೆಲ್ಲರ ಕಾಲನ್ನು ಸಭೆಯವರೊಬ್ಬರು ತೊಳೆಯಬೇಕು. ಕರ್ತನು ಶಿಷ್ಯರ ಕಾಲು ತೊಳೆದ ನೆನಪಿಗೆ ಪಾಸ್ಟರಯ್ಯ ಇಟ್ಟ ಪದ್ಧತಿ ಅದು. ಈ ಸಲ ಅವರು ಭರಮಮ್ಮನನ್ನೇ ಕರೆದು ಹೇಳಿದ್ದರು. "ನೀ ಕುಂದ್ರವ್ವಾ. ಮನಸು ತಗ್ಗಿಸಿಕೊಂಡು ಮಾಡು. ನಿನ್ನ ಮಗಳ ಮಾತು ಆಮ್ಯಾಲ ನೋಡೋಣಂತ."

ಮಗಳ ಮಾತು ಎಂದರೆ ಗೋರಿಗೊಂದು ಶಿಲುಬೆ. ಅಡ್ಡ ಒಂದು, ಉದ್ದ ಒಂದು ಕಟ್ಟಿಗೆ ತುಂಡು, ಅಷ್ಟೇ.

ಈಚೆಗೆ ಮಾಗಳ ಊರಿನ ಮೇಲ್ಗಡೆ ಹೊಳೆಯಲ್ಲಿ, ಶೇಂಗಾ ಕೀಳಲು ಆಚೆ ದಂಡೆಗೆ ಹೊರಟ ತೆಪ್ಪ ಸೆಳವಿಗೆ ಸಿಕ್ಕು ಮಗುಚಿದಾಗ ಉಳಿದವರು ತೆಪ್ಪದ ಅಂಚು ಹಿಡಿದು ಬದುಕಿದ್ದರು. ಹುಲುಗೇಶನೂ ಭರಮಮ್ಮನ ಮಗಳು ದುರ್ಗಾಳೂ ಕೊಚ್ಚಿಹೋದರು. ಹುಲುಗೇಶ ಜಾಲಿಯ ಟೊಂಗೆ ಹಿಡಿದು ದಂಡೆ ಹತ್ತಿ ಹಡಗಲಿಯ ಆಸ್ಪತ್ರೆ ಸೇರಿದ. ದುರ್ಗಾ ಮಾರನೆಯ ದಿನ ಕೆಳಗಿನ ಮಡುವಿನಲ್ಲಿ ತೇಲಿದಳು. ಬಿಗಿದ ಮುಷ್ಟಿಯನ್ನು ಪಾಸ್ಟರಯ್ಯನೇ ಬಿಡಿಸಿದರು. ಒಳಗೆ ಹರಿದ ಕರಿದಾರ, ದಾರದಲ್ಲೊಂದು ಕವಡೆ, ಹುಲಿಗೆಮ್ಮ ದೇವಿಗೆ ನಡೆದುಕೊಳ್ಳುವವರು ಕಟ್ಟಿಕೊಳ್ಳುವಂಥದ್ದು.

"ಕಡೀಗೂ ಹುಲಿಗೆಮ್ಮನ ಕವಡಿ ಹಿಡ್ಕಂಡು ಸತ್ತಾಳ," ಎಂದರು. "ಕರ್ತನ್ನ ಕರಿಯಲಿಲ್ಲ ಇಕಿ."

ಸಭೆಯವರನ್ನು ಹೂಳುವ ಬೇಲಿಯೊಳಗೆ ಅವಳನ್ನು ಬಿಡಲಿಲ್ಲ. ಹಳ್ಳದ ದಂಡೆಯಲ್ಲಿ ಮಣ್ಣು ಮಾಡಿ, ನಾಯಿ ಕೆದರದಂತೆ ಮೇಲೊಂದು ಕಲ್ಲು ಹೇರಿ ಬಂದಿದ್ದರು.

ಭರಮಮ್ಮನಿಗೆ ಬಗೆಹರಿಯದ್ದು ಒಂದೇ. ಸಭೆಗೆ ಸೇರಿದ ದೀಕ್ಷಾಸ್ನಾನದ ದಿನ ಕೊರಳಿನದು, ನಡುವಿನದು, ಮೈಮೇಲಿದ್ದ ದಾರವನ್ನೆಲ್ಲ ಕುಡುಗೋಲಿನಿಂದ ಕೊಯ್ದು ಹೊಳೆಗೆ ಎಸೆದವಳು ದುರ್ಗಾ. "ಒಂದಾದ್ರೂ ಇರ್ಲಿ ಬಿಡ, ನಿಮ್ಮಜ್ಜಿ ಕಟ್ಟಿದ್ದು," ಎಂದು ತಾಯಿ ಅಂಗಲಾಚಿದರೆ, "ಅರ್ಧಮರ್ಧ ನಂಬಾಕ ನಾ ನಿನ್ನಂಗಲ್ಲ ತಗಿಯವ್ವಾ," ಎಂದು ನಕ್ಕಿದ್ದಳು. ಅಂಥವಳ ಮುಷ್ಟಿಗೆ ಇದು ಎಲ್ಲಿಂದ ಬಂತು? ಹೊಳೆಗೆ ಬಿಸಾಡು ಎಂದು ಪಾಸ್ಟರಯ್ಯ ಕೊಟ್ಟದ್ದನ್ನು ಭರಮಮ್ಮ ಬಿಸಾಡಲಿಲ್ಲ. ಏನೇ ಆಗಲಿ, ಮಗಳು ಕಡೆಯದಾಗಿ ಹಿಡಿದದ್ದು. ಸೆರಗಿನ ತುದಿಗೆ ಗಂಟು ಹಾಕಿಕೊಂಡೇ ಓಡಾಡುತ್ತಿದ್ದಳು.

ಒಳಗೆ ಹುಲುಗೇಶನ ದನಿ ಏರಿತು.

"ದಂಡಿ ಹತ್ರ ಬಂದೀನ್ರಿ. ಜಾಲಿ ಟೊಂಗಿ ಇಲ್ಲೇ ಐತಿ, ಕೈಗೆ ಸಿಗೂ ಹಂಗ. ಆಗ ನೋಡ್ರಿ, ಸೈತಾನ ಬಂದು ನನ್ನ ಎಡಗಾಲು ಹಿಡದ! ಬಿಡವಲ್ಲ. ಕೆಳಾಗ ಜಗ್ತಾನ. ಮುಳುಗಿದೆ, ನೀರು ಕುಡದೆ. ಯೇಸಪ್ಪಾ ಬಿಡಿಸಪ್ಪಾ ಅಂತ ಜಾಡಿಸಿ ಒದ್ದೆ ನೋಡ್ರಿ, ಬಿಟ್ಟುಬಿಡ್ತು!"

"ಸ್ತೋತ್ರ!" ಎಂದಿತು ಸಭೆ.

ಮಗಳ ಹೆಸರು ಒಂದು ಸಲವಾದರೂ ಬರುತ್ತದೇನೋ ಎಂದು ಕಿವಿಗೊಟ್ಟು ಕೂತಿದ್ದ ಭರಮಮ್ಮನ ಬಾಯಲ್ಲೂ ರೂಢಿಯಂತೆ ಸ್ತೋತ್ರ ಬಂದುಬಿಟ್ಟಿತು. ಬಂದ ಮೇಲೆ ಚೊಂಬಿನ ಮೇಲಿದ್ದ ಕೈ ಹಾಗೇ ನಿಂತಿತು.

ಪ್ರಾರ್ಥನೆ ಮುಗಿದು ಜನ ಹೊರಗೆ ಬಂದರು. ಸಾಕ್ಷಿ ಹೇಳಿದವನದೇ ಮೊದಲ ಕಾಲು. ಹಿಂದೆ ನಿಂತ ಹಿರಿಯ ಓಬಳೇಶಪ್ಪ, "ಚಂದಗ ತೊಳಿಸ್ಕಳಲೇ, ಹೊಳ್ಯಾಗ ತೊಳ್ದದ್ದು ಸಾಲಲ್ಲೇನ ನಿನಗ!" ಎಂದ. ಎಲ್ಲರೂ ನಕ್ಕರು.

ಹುಲುಗೇಶ ಬಲಗಾಲು ಇಟ್ಟ. ತೊಳೆದಳು.

"ಎಡಗಾಲು ಬ್ಯಾಡ ಬಿಡು ದೊಡ್ಡವ್ವಾ, ಗಾಯ ಐತಿ."

"ಇಡಪಾ. ಮೆತ್ತಗ ತೊಳಿತೀನಿ."

ಪ್ಯಾಂಟು ಮೇಲೆ ಸರಿಸಿದಳು. ಕಣಕಾಲಿನ ಸುತ್ತ, ವರ್ಷಗಟ್ಟಲೆ ಬಿಸಿಲು ಕಾಣದ ಬಿಳಿಯ ಗೆರೆಯೊಂದು ಬಳೆಯ ಹಾಗೆ ಸುತ್ತಿಕೊಂಡಿತ್ತು. ಅದರ ಕೆಳಗೆ ಒಣಗುತ್ತಿದ್ದ ಉಗುರಿನ ಗೀರುಗಳು.

ಭರಮಮ್ಮ ಹಲ್ಲಿನಿಂದ ಸೆರಗಿನ ಗಂಟು ಬಿಚ್ಚಿದಳು. ದಾರವನ್ನು ಕಾಲಿಗೆ ಸುತ್ತಿ ನೋಡಿದಳು. ಎರಡು ತುದಿಯೂ ಕೂಡಿ, ಬಿಳಿಯ ಗೆರೆ ಪೂರಾ ಮುಚ್ಚಿಹೋಯಿತು.

"ಯಾರದಪಾ ಇದು?"

ಹುಲುಗೇಶ ಅತ್ತಿತ್ತ ನೋಡಿದ. ಒಲೆಯ ಹತ್ತಿರ ಸೌಟು ಹಿಡಿದು ನಿಂತಿದ್ದ ಅವನ ಹೆಂಡತಿ ಶಿವಮ್ಮ ದಾರವನ್ನು ನೋಡಿದಳು, ಗಂಡನನ್ನು ನೋಡಿದಳು, ತಿರುಗಿ ಅನ್ನದ ಹಂಡೆಯ ಮುಚ್ಚಳ ತೆಗೆದಳು.

"ನಂದಲ್ಲ. ನಾ ಅವನ್ನೆಲ್ಲ ಬಿಟ್ಟು ಎಷ್ಟು ಕಾಲ ಆತು."

"ಮತ್ತ ಈ ಗೀರು?"

"ಸೈತಾನಂದು ಅಂತ ಹೇಳ್ಲಿಲ್ಲೇನು ಒಳಗ? ಕೇಳಿಸ್ಕಂಡಿಲ್ಲೇನು ನೀನು?"

ಗುಜುಗುಜು ಕೇಳಿ ಪಾಸ್ಟರಯ್ಯ ಬಂದರು. ಭರಮಮ್ಮ ಆ ಕಾಲು ಬಿಡಲಿಲ್ಲ. "ಅಳತಿ ನೋಡ್ರಿ ಅಯ್ಯೋರ. ಕಾಲು ನೋಡ್ರಿ. ನನ್ನ ಮಗಳು ಕವಡಿ ಹಿಡಿದಿಲ್ರಿ, ಕಾಲು ಹಿಡದಾಳ."

ಪಾಸ್ಟರಯ್ಯ ನೋಡಿದ್ದು ದಾರವನ್ನು. "ಇನ್ನೂ ಇಟ್ಕಂಡೀಯಾ ಇದನ್ನ? ಇದನ್ನ ಸೆರಗಿನ್ಯಾಗ ಕಟ್ಕಂಡು ಸಭಿಗೆ ಬರ್ತೀ, ಮಗಳಿಗೆ ಶಿಲುಬಿ ಬೇರೆ ಕೇಳ್ತೀ. ತಾಯಿ ಹಂಗ ಮಗಳು." ಎರಡು ಬೆರಳಲ್ಲಿ ದಾರ ಎತ್ತಿಕೊಂಡು ಹೋಗಿ ಬಾಡಿನ ಒಲೆಗೆ ಹಾಕಿದರು.

"ಸ್ತೋತ್ರ," ಎಂದ ಓಬಳೇಶಪ್ಪ. ಎಲ್ಲರೂ ಅಂದರು. ಬೆಂಕಿಯಲ್ಲಿ ಕವಡೆ ಚಟ್ಟೆಂದಿತು.

ಹುಲುಗೇಶ ಪ್ಯಾಂಟು ಇಳಿಸಿಕೊಂಡು ಪಂಕ್ತಿಯ ಕಡೆ ನಡೆದ. ಸಗಣಿ ಸಾರಿಸಿದ ಅಂಗಳದ ಮೇಲೆ ಅವನ ಒದ್ದೆ ಹೆಜ್ಜೆಗಳು ಎಲೆಯವರೆಗೂ ಹೋಗಿದ್ದವು. ಬಿಸಿಲಿಗೆ ಮೊದಲು ಬೆರಳು ಅಳಿಸಿಹೋದವು, ಆಮೇಲೆ ಹಿಮ್ಮಡ.

"ಬೇಗ ಮಾಡವ್ವಾ, ಅನ್ನ ಆರತೈತಿ," ಎಂದರು ಯಾರೋ. ಪರಾತದಲ್ಲಿ ಮುಂದಿನವರ ಕಾಲು ಬಂದು ನಿಂತಿತ್ತು. ಭರಮಮ್ಮ ಕೊಡ ಬಗ್ಗಿಸಿ ಚೊಂಬು ತುಂಬಿಕೊಂಡಳು.