ಫೋನಿನಲ್ಲಿ ದೊಡ್ಡಪ್ಪ ಕೆಳಗೆ

ಒದ್ದೆ ಬಟ್ಟೆಯಿಂದ ಮೂರು ಫೋನುಗಳ ಗಾಜು ಒರೆಸಿದೆ. ದೊಡ್ಡಪ್ಪನ ಫೋನಿಗೆ ತಂಬಾಕಿನ ಸುಣ್ಣ ಮೆತ್ತಿತ್ತು, ದೊಡ್ಡವ್ವನದಕ್ಕೆ ಹಿಟ್ಟು, ಅಪ್ಪನದಕ್ಕೆ ಕಂಬಳಿಯ ನೂಲು. ಮೂವರ ಕೈಗೂ ಕೊಟ್ಟೆ. ನಾನು ಮೊದಲೇ ಹೆಚ್ಚು ಮಾತಾಡುವವಳಲ್ಲ.

ಸಗರದ ನಮ್ಮ ಕಂಬಳಿ ಅಂಗಡಿಗೆ ನಾನೊಂದು ವೆಬ್ ಪುಟ ಮಾಡಿದ್ದೆ. ಎಂಟನೆಯ ತರಗತಿಗೆ ಶಾಲೆ ಬಿಟ್ಟವಳು, ಶಹಾಪುರದ ಕಂಪ್ಯೂಟರ್ ಸೆಂಟರಿನಲ್ಲಿ ಮೂರು ತಿಂಗಳು ಕಲಿತು ಮಾಡಿದ ಮೊದಲ ಪುಟ. ಅಲ್ಲಿಯ ಸರಿತಾ ಮೇಡಂ ಅದನ್ನು ಮನೆಯವರ ಫೋನುಗಳಿಗೆ ಕಳಿಸಿ, "ಮೂರು ಮಂದಿ ನೋಡಿ ಏನಂದ್ರು, ಬರಕೊಂಡು ಬಾ. ತುದಿಗಿನ 'ಕರೆ ಮಾಡಿ' ಬಟನ್ ಸಣ್ಣ ಫೋನಿನ್ಯಾಗೂ ಸರಿ ಕಂಡ್ರ, ಸೋಮವಾರದಿಂದ ಇಲ್ಲೇ ಕೆಲಸಕ್ಕ ಕುಂದ್ರು," ಎಂದಿದ್ದರು.

ಪುಟ ತೆರೆಯಿತು. ದೊಡ್ಡಪ್ಪ ಕಣ್ಣು ಕಿರಿದು ಮಾಡಿದ.

"ಬಸವಂತ, ನನ್ನ ತೆಲಿ ಮ್ಯಾಗ ಯಾವಾಗ ಏರಿ ಕುಂತಿ?"

"ನಾ ಎಲ್ಲಿ ಕುಂತೀನಿ, ಅಣ್ಣಾ. ನಿನ್ನ ಮಗಳು ಕುಂದ್ರಿಸ್ಯಾಳ," ಎಂದ ಅಪ್ಪ.

ಫೋಟೊದಲ್ಲಿ ಅಪ್ಪ ಬಲಕ್ಕೆ ನೋಡುತ್ತಿದ್ದ. ಬಲಗಡೆ ಇಟ್ಟರೆ ಅಣ್ಣನಿಗೆ ಬೆನ್ನು ಮಾಡಿದಂತಾಗುತ್ತದೆ ಎಂದು ಎಡಗಡೆ ಇಟ್ಟಿದ್ದೆ. ಕಂಪ್ಯೂಟರಿನಲ್ಲಿ ಇಬ್ಬರೂ ಪಕ್ಕಪಕ್ಕ ಇದ್ದರು. ಫೋನಿನಲ್ಲಿ ಎಡಗಡೆಯದು ಮೇಲೆ ಹೋಗಿ, ಬಲಗಡೆಯದು ಕೆಳಗಿಳಿದಿತ್ತು.

"ಫೋನಿನ್ಯಾಗ ಜಾಗ ಸಾಲಂಗಿಲ್ರಿ, ದೊಡ್ಡಪ್ಪ."

"ಜಾಗ ಸಾಲದಿದ್ರ ಸಣ್ಣಾವ ಸರೀಬೇಕು. ಲಗ್ನಪತ್ರ ಅಚ್ಚು ಹಾಕಾವಗ ಗೊತ್ತದ, ನಿನ್ನ ಫೋನಿಗೆ ಗೊತ್ತಿಲ್ಲ?"

"ಅಡ್ಡ ಹಿಡೀರಿ."

ಅಡ್ಡ ಹಿಡಿದ. ಅಣ್ಣತಮ್ಮ ಪಕ್ಕಪಕ್ಕ ಬಂದರು. ದೊಡ್ಡಪ್ಪನ ಮುಖ ಸಡಿಲವಾಯಿತು.

"ಹಂಗಾದ್ರ ಗಿರಾಕಿಗೋಳೆಲ್ಲ ಅಡ್ಡ ಹಿಡೀಬೇಕೇನು?" ದೊಡ್ಡವ್ವ ಕೇಳಿದಳು.

"ಹಿಡೀತಾರ. 'ಅಡ್ಡ ಹಿಡಿದು ನೋಡಿರಿ' ಅಂತ ಮ್ಯಾಗ ಬರೀ, ಮಗಳ," ಎಂದ ದೊಡ್ಡಪ್ಪ.

ಅಪ್ಪ ಮಾತ್ರ ತನ್ನ ಫೋನನ್ನು ತಿರುಗಿಸಲಿಲ್ಲ. ನೆಟ್ಟಗೇ ಹಿಡಿದು ಬಹಳ ಹೊತ್ತು ನೋಡಿದ. ಐವತ್ತು ವರ್ಷದಲ್ಲಿ ಮೊದಲ ಸಲ ಅಣ್ಣನಿಗಿಂತ ಮೇಲಿದ್ದ. ನಾನು ನೋಡಿದ್ದನ್ನು ಕಂಡು ಕೆಮ್ಮಿದ.

"ಎಲ್ಲಾ ನೂಲು ನೂಲಾಕಿ ನಾನು," ದೊಡ್ಡವ್ವ ಅಂದಳು. "ನಾ ಎಲ್ಲಿ ಅದೀನಿ ಇದರಾಗ?"

"ಕೆಳಗ ಅದೀರಿ, ದೊಡ್ಡವ್ವ."

"ಇವರಿಬ್ಬರ ಕೆಳಗ?"

ಅವಳು ಫೋನನ್ನು ಬೋರಲು ಹಾಕಿ ರೊಟ್ಟಿಗೆ ಹಿಟ್ಟು ನಾದತೊಡಗಿದಳು. ಅಣ್ಣತಮ್ಮ, ಅಂಗಡಿಯ ಬೋರ್ಡಿನಲ್ಲಿ ಯಾರ ಹೆಸರು ಮೊದಲಿತ್ತು ಎಂಬ ವಾದಕ್ಕೆ ಇಳಿದಿದ್ದರು. ನನ್ನ ನೋಟ್‌ಬುಕ್ಕಿನಲ್ಲಿ ಇದ್ದದ್ದು ಒಂದೇ ಸಾಲು: ತಮ್ಮ ಮೇಲೆ, ಅಣ್ಣ ಕೆಳಗೆ. ಶಹಾಪುರದ ಬಸ್ಸಿಗೆ ಅರ್ಧ ತಾಸಿತ್ತು. ಪುಟದ ತುದಿಯವರೆಗೆ ಒಬ್ಬರೂ ಹೋಗಿರಲಿಲ್ಲ.

ಎದ್ದು ನಿಂತೆ. ನನ್ನ ದನಿ ನನಗೇ ದೊಡ್ಡದೆನಿಸಿತು.

"ಯಾರರೆ ಒಬ್ರು ಒಮ್ಮಿ ಕೆಳಗಿನ ತನಕ ಸರಿಸಿ, ಆ 'ಕರೆ ಮಾಡಿ' ಬಟನ್ ಒತ್ತಿ ನೋಡ್ರಿ."