ಕೈ ಖಾಲಿ ಇರಲಿಲ್ಲ

ನಿಲಂಗಾ ದಾರಿಯ ದವಾಖಾನೆಯ ಬಾಗಿಲು ಮುಚ್ಚಿದ್ದೇ ತಡ, ವೀರಭದ್ರನ ಮೈಗೆ ಬೆಂಕಿ ಬಿದ್ದಂತಾಯಿತು. ಒಳಗೆ ಅವನ ಅಣ್ಣ ಕಲ್ಯಾಣಪ್ಪ. ಔರಾದ ಸಂತೆಯಲ್ಲಿ ಕೊಂಡ ಎತ್ತು ಬರುವ ದಾರಿಯಲ್ಲೇ ಎದೆಗೆ ತಿವಿದಿತ್ತು. ಬಂಡಿಯಲ್ಲಿ ಹಾಸಿದ್ದ ಕಂಬಳಿ ರಕ್ತ ಕುಡಿದು ಭಾರವಾಗಿತ್ತು.

"ಬಾಗಿಲಾ ಯಾಕ ಹಾಕ್ತಾರ್ರೀ ಇವರು? ಒಳಗೇನ್ ಕಳ್ಳತನಾ ಮಾಡ್ತಾರ?"

ಪಡಸಾಲೆಯ ಬೆಂಚಿನ ಮೇಲೆ ಹೈದರಾಬಾದಿನ ಸಂಶೋಧಕರೊಬ್ಬರು ಕೂತಿದ್ದರು. ದವಾಖಾನೆಯವರಿಗೆ ಜನ ಯಾಕೆ ಹೊಡೆಯುತ್ತಾರೆ, ಆಗ ರೋಗಿಯ ಗತಿ ಏನು ಎಂದು ಊರೂರು ವಿಚಾರಿಸುತ್ತಿದ್ದರು.

"ನಿಮಗೆ ಸಿಟ್ಟು ಯಾವಾಗ ಬರುತ್ತದೆ?"

"ಈಗ ಬಂದದ. ಬರ್ಕೋರಿ!"

ವೀರಭದ್ರನಿಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಕಿಟಕಿಗೆ ಮುಖವಿಟ್ಟ. ಒಳಗಿನ ಡಾಕ್ಟರು ಎರಡೂ ಕೈಯಿಂದ ಅಣ್ಣನ ಗಾಯ ಒತ್ತಿ ಹಿಡಿದಿದ್ದರು. ನರ್ಸ್ ಕುಸುಮಬಾಯಿ ಗಾಯಕ್ಕೆ ಅಂಟಿದ್ದ, ಕೊರಳಿನ ಲಿಂಗ ಕಟ್ಟಿದ್ದ ಶಿವದಾರಕ್ಕೆ ಕತ್ತರಿ ಹಾಕಿ ಲಿಂಗವನ್ನು ಕೈಗೆ ತೆಗೆದುಕೊಂಡಳು. ಹೋದ ವಾರ ಯಾರೋ ರೋಗಿಯ ಕಡೆಯ ಮಂದಿ ಎಸೆದ ಕಲ್ಲಿನಿಂದ ಅವಳ ಹಣೆಗೆ ಪಟ್ಟಿ ಬಿದ್ದಿತ್ತು.

ಸತ್ತರೂ ಮೈಬಿಟ್ಟು ಇಳಿಯದ ಲಿಂಗ!

"ಲಿಂಗಾ ಹರದಳಲ್ಲೋ!" ವೀರಭದ್ರ ಕೈಯಲ್ಲಿದ್ದ ಎತ್ತು ಹೊಡೆಯುವ ಬಾರುಕೋಲು ಎತ್ತಿ ಬಾಗಿಲಿಗೆ ಒದ್ದ. ಚಿಲಕ ಕಿತ್ತು ಬಂತು.

"ಹೊಡಿಬ್ಯಾಡೋ!" ಡಾಕ್ಟರು ಕೂಗಿದರು. "ನಾ ಕೈ ತಗದ್ರ ನಿಮ್ಮಣ್ಣ ಹೋಗ್ತಾನ. ಹೊಲಿಯಾಕಿ ಆಕಿ ಒಬ್ಬಾಕಿನೇ!"

ಕುಸುಮಬಾಯಿ ಹೆದರಿ ತಲೆಗೆ ಕೈ ಅಡ್ಡ ಹಿಡಿದಳು. ಇನ್ನೊಂದು ಕೈಯ ರಕ್ತ ಮೆತ್ತಿದ ಬೆರಳುಗಳಿಂದ ಲಿಂಗ ಜಾರತೊಡಗಿತು.

"ಧರಾ, ಧರಾ! ಹಿಡೀರಿ, ಬೀಳ್ತದ!" ಎಂದು ಚೀರಿದಳು.

ಬಾರುಕೋಲು ಎಲ್ಲಿ ಬಿತ್ತೋ. ವೀರಭದ್ರ ಬೊಗಸೆಯೊಡ್ಡಿದ್ದ. ಲಿಂಗ ಅಣ್ಣನ ಮೈಯ ಬಿಸಿಯನ್ನು ಇನ್ನೂ ಬಿಟ್ಟಿರಲಿಲ್ಲ. ನೆಲಕ್ಕೆ ಇಡುವಂತಿಲ್ಲ, ಜೇಬಿಗೆ ಹಾಕುವಂತಿಲ್ಲ. ಎಡಗೈಯಲ್ಲಿಟ್ಟು ಬಲಗೈ ಮುಚ್ಚಿ ನಿಂತ. ಬಾಯಿ ಮಾತ್ರ ನಿಲ್ಲಲಿಲ್ಲ.

"ಇದು ಮುಗೀಲಿ ತಡಿ, ನಿನ್ನ ಈ ದವಾಖಾನಿಗೆ ಬೆಂಕಿ ಹಚ್ಚಲಿಲ್ಲಂದ್ರ..."

ಸೂಜಿ ಇಳಿಯಿತು, ಏರಿತು, ಮತ್ತೆ ಇಳಿಯಿತು. ಕುಸುಮಬಾಯಿ ಅವನತ್ತ ನೋಡಲೇ ಇಲ್ಲ. ಕಡೆಗೆ ಡಾಕ್ಟರು ಮೆಲ್ಲಗೆ ಕೈ ತೆಗೆದರು. ರಕ್ತ ಉಕ್ಕಲಿಲ್ಲ.

"ಏ ವೀರ್ಯಾ," ಮೇಜಿನ ಮೇಲಿಂದ ಸಣ್ಣ ದನಿ. "ಲಿಂಗಾ ಕೈಯಾಗ ಹಿಡದು ಬೈತೀಯಲ್ಲೋ. ಬಾಯಿ ಮುಚ್ಚು."

ಅಣ್ಣನ ದನಿ ಕೇಳಿದ ಮೇಲೆ ವೀರಭದ್ರನಿಗೆ ಉಸಿರು ಬಂತು.

ಮುರಿದ ಬಾಗಿಲಲ್ಲಿ ಹೈದರಾಬಾದಿನವರು ನಿಂತಿದ್ದರು. "ಯಾಕೆ ಹೊಡೆಯಲಿಲ್ಲ?"

"ಕೈ ಎಲ್ಲಿ ಖಾಲಿ ಇತ್ರೀ?" ಎಂದ ವೀರಭದ್ರ, ಬೊಗಸೆ ಬಿಚ್ಚದೆ. ಮತ್ತೆ ದನಿ ಏರಿತು. "ಮದಲೇ ಒಳಗ ಕರದು ಇದನ್ನ ಕೈಯಾಗ ಕೊಟ್ಟಿದ್ರ ನಿಮ್ಮ ಬಾಗಿಲಾ ಉಳೀತಿತ್ತಲ್ಲ! ಅದನ್ನ ಬರ್ಕೋರಿ!"