ಟೋಪಿ ಎಲ್ಲಿ ಎಂದು ಕೂಗುವ ಮೊದಲು

ನಮ್ಮ ಚಾಚಕ್ ಪಟ್ಟಣದಲ್ಲಿ ಟೋಪಿ ಇಲ್ಲದ ಮಗುವನ್ನು ಕರೆದುಕೊಂಡು ಮಾರುಕಟ್ಟೆಗೆ ಹೋಗಿ ನೋಡಿ. ಚೀಲ ತುಂಬುವ ಮೊದಲೇ ಬುದ್ಧಿಮಾತಿನಿಂದ ಕಿವಿ ತುಂಬುತ್ತದೆ. ನಮ್ಮವರಿಗೆ ಪ್ರೊಮಾಯಾ ಎಂದರೆ ಪ್ರಾಣಭಯ. ಎದುರುಬದುರು ಬಾಗಿಲು ತೆರೆದಾಗ ಬೀಸುವ ಗಾಳಿಗೆ ಆ ಹೆಸರು. ಕತ್ತು ಹಿಡಿದುಕೊಂಡರೂ ಅದೇ ಕಾರಣ, ಹಲ್ಲು ನೋವಾದರೂ ಅದೇ ಕಾರಣ. ಕೇಳಿ ಕೇಳಿ ನನಗಂತೂ ಸಾಕಾಗಿದೆ.

ಚಳಿ ಶುರುವಾಗುವ ಹೊತ್ತಿನಲ್ಲಿ ಓರಗಿತ್ತಿ ಸ್ತಮೆಂಕಾ ಜೊತೆ ಕೆಂಪು ದಪ್ಪಮೆಣಸಿನಕಾಯಿ ತರಲು ಹೋಗಿದ್ದೆ. ನಮ್ಮ ಬೀದಿಯ ರೊಸಾಂದಾ ಕೂಡ ಇದ್ದಳು. ಬಾಣಂತಿಯರ ಮನೆಮನೆಗೆ ಹೋಗಿ ಕೂಸುಗಳನ್ನು ನೋಡುವ ನರ್ಸ್ ಅವಳು. ಮೂವರೂ ಚೀಸ್ ಅಂಗಡಿಯ ಸಾಲಿನಲ್ಲಿ ನಿಂತಿದ್ದೆವು.

ಬಾಗಿಲ ಬಳಿ ಪುಟ್ಟ ಹುಡುಗನೊಬ್ಬ ನೆಲದ ಮೇಲೆ ಹೊರಳಾಡಿ ಅರಚತೊಡಗಿದ. ಅವನ ತಾಯಿ, ಇನ್ನೂ ಎಳೆಯ ಹುಡುಗಿ, ಎರಡೂ ಕೈಯಲ್ಲಿ ಚೀಲ ಹಿಡಿದು ಒದ್ದಾಡುತ್ತಿದ್ದಳು. ನಮ್ಮ ಸ್ತಮೆಂಕಾ ಸುಮ್ಮನಿರುವ ಜೀವವೇ?

"ಯಾರ ಮಗನೋ ನೀನು? ತಲೆ ಮೇಲೆ ಟೋಪಿ ಇಲ್ಲ! ನಿಂಗೆ ತಾಯಿ ಇಲ್ವೇನೋ?" ಎಂದು ಇಡೀ ಮಾರುಕಟ್ಟೆಗೆ ಕೇಳುವಂತೆ ಕೂಗಿದಳು.

ತಾಯಿಯ ಮುಖ ಕೆಂಪಾಯಿತು. ಒಂದು ಚೀಲ ಕೆಳಗೆಸೆದು ಮಗನ ಕೆನ್ನೆಗೆ ಬಾರಿಸಿಯೇ ಬಿಟ್ಟಳು. "ಮನೆಗೆ ನಡಿ, ತೋರಿಸ್ತೀನಿ" ಎಂದು ಹಲ್ಲು ಕಡಿದಳು. ಚೀಲದ ಮೆಣಸಿನಕಾಯಿಗಳು ಎಲ್ಲೆಡೆ ಉರುಳಿದವು.

"ನೋಡಿದ್ರಾ? ಇಂಥೋರೆಲ್ಲ ತಾಯಂದ್ರು!" ಎಂದಳು ಸ್ತಮೆಂಕಾ.

ರೊಸಾಂದಾಗೆ ರೇಗಿತು. "ಆ ಏಟು ಕೊಡ್ಸಿದ್ದು ನೀನೇ ಅಕ್ಕ. ನೀನು ಬೈದಿದ್ದು ತಾಯಿಗೆ, ಬಿದ್ದಿದ್ದು ಮಗೂಗೆ."

"ಒಳ್ಳೇದು ಹೇಳಿದ್ದೂ ತಪ್ಪಾ? ಸರಿ ಬಿಡು, ಇನ್ಮೇಲೆ ಬಾಯಿ ಹೊಲ್ಕೊಂಡಿರ್ತೀನಿ. ಊರ ಮಕ್ಕಳ ಉಸಾಬರಿ ನಂಗ್ಯಾಕೆ?"

"ಅದೂ ತಪ್ಪೇ. ಎಲ್ರೂ ಮುಖ ತಿರುಗಿಸಿದ್ರೆ ಆ ಕೂಸಿಗೆ ಯಾರು ದಿಕ್ಕು? ಮನೇಲಿ ಇನ್ನೆಷ್ಟು ಬೀಳತ್ತೋ! ಹೋಗು. ಮೊದ್ಲು ಅಮ್ಮನ ಹತ್ರ ಹೋಗು. ಬುದ್ಧಿ ಹೇಳ್ಬೇಡ. ಏನಾದ್ರೂ ಹಿಡ್ಕೊಳ್ಲಾ ಅಂತ ಕೇಳು ಅಷ್ಟೇ."

"ನನ್ನ ಮುಖಕ್ಕೆ ಉಗೀತಾಳೆ" ಎನ್ನುತ್ತಾ ಸ್ತಮೆಂಕಾ ಹುಡುಗನಿಗೆಂದು ಜೇಬಿನಿಂದ ಮಿಠಾಯಿ ತೆಗೆದಳು.

"ಉಗಿದ್ರೆ ಒರೆಸ್ಕೋ. ಆ ಮಿಠಾಯಿ ಒಳಗಿಡು! ಮಗೂಗೆ ಏನು ಆಗತ್ತೆ, ಏನು ಆಗಲ್ಲ ಅಂತ ನಿಂಗೇನು ಗೊತ್ತು? ಅಮ್ಮನ್ನ ಕೇಳ್ದೆ ಏನೂ ಕೊಡ್ಬಾರ್ದು."

ಸ್ತಮೆಂಕಾ ಗೊಣಗುತ್ತಲೇ ಹೋದಳು. ಬಗ್ಗಿ ಮೆಣಸಿನಕಾಯಿ ಆರಿಸಿದಳು. "ತಪ್ಪಾಯ್ತು ಮಗಳೇ. ನನ್ನ ದೊಡ್ಡವನೂ ಹೀಗೇ ಹೊರಳಾಡ್ತಿದ್ದ, ಇದೇ ಜಾಗದಲ್ಲಿ. ಆ ಇನ್ನೊಂದು ಚೀಲಾನೂ ಕೊಡಿಲ್ಲಿ."

ಹುಡುಗಿ ಅನುಮಾನದಿಂದ ನೋಡಿದಳು. ಆಮೇಲೆ ಚೀಲ ಚಾಚಿದಳು. "ಟೋಪಿ ನನ್ನ ಜೇಬಲ್ಲೇ ಇದೆ ಅಮ್ಮ. ಇವನಿಗೆ ಕಿವಿ ನೋವು, ತಾಗಿದ್ರೆ ಕಿರುಚ್ತಾನೆ. ಔಷಧಿ ತರೋಕೇ ಹೊರಟಿದ್ದು. ಬೆಳಗ್ಗೆಯಿಂದ ಎಲ್ರೂ ಟೋಪಿ ಟೋಪಿ ಅಂತ ಪ್ರಾಣ ತಿಂತಿದಾರೆ."

"ಕಿವಿ ನೋವಾ? ಅದೇ ಪ್ರೊಮಾ..." ಎಂದು ಸ್ತಮೆಂಕಾ ಶುರುಮಾಡಿದಳು. ನಾನು ಅವಳ ಕಾಲು ತುಳಿದೆ.

ಚೀಲ ಕೊಟ್ಟ ತಾಯಿ ಮಗನನ್ನು ಎತ್ತಿ ಎದೆಗೊತ್ತಿಕೊಂಡಳು. ಹೊಡೆದ ಕೆನ್ನೆಯನ್ನು ಸವರಿ ಅತ್ತಳು. ಹುಡುಗ ಬಿಕ್ಕುತ್ತಾ ಸುಮ್ಮನಾದ. ಸ್ತಮೆಂಕಾ ಔಷಧಿ ಅಂಗಡಿಯವರೆಗೂ ಚೀಲ ಹೊತ್ತಳು, ಒಂದೂ ಬುದ್ಧಿಮಾತಿಲ್ಲದೆ. ಅದು ಅವಳಿಗೆ ಎಷ್ಟು ಕಷ್ಟವೆಂದು ನನಗೊಬ್ಬಳಿಗೇ ಗೊತ್ತು. ಮನೆಗೆ ಬಂದವಳೇ ಗಂಡ, ಮಕ್ಕಳನ್ನೆಲ್ಲ ಕೂರಿಸಿ ಹೇಳಿದಳು: "ಇನ್ನು ಯಾರಾದ್ರೂ ಕಂಡೋರ ಮಕ್ಕಳ ಟೋಪಿ ವಿಷ್ಯ ಎತ್ತಿದ್ರೋ, ಜೋಕೆ!"

ಅಕ್ಕಂದಿರೇ, ಅಣ್ಣಂದಿರೇ, ಅಂಗಡಿಯಲ್ಲಿ ಮಗುವೊಂದು ಅತ್ತರೆ ಗದರಬೇಡಿ, ಕಂಡೂ ಕಾಣದಂತೆ ಹೋಗಲೂಬೇಡಿ. ಏಟು ನಿಲ್ಲದಿದ್ದರೆ ಅಂಗಡಿಯವರನ್ನು ಕರೆಯಿರಿ, ಸಹಾಯ ಕೇಳಿ. ಆದರೆ ಮೊದಲು ತಾಯಿಯ ಕೈಯಿಂದ ಚೀಲ ತೆಗೆದುಕೊಳ್ಳಿ. ಕೈ ಖಾಲಿಯಾದರೆ ಅವಳು ಮಗುವನ್ನು ಎತ್ತಿಕೊಳ್ಳುತ್ತಾಳೆ.